ಹೆಸರಿಲ್ಲದ ಸಂಪಾದಕೀಯಕ್ಕೆ ಬಂದ ಪ್ರಶಸ್ತಿ

ಸಂಪಾದಕೀಯ ಬರೆಯುವುದು ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಎಂದುಕೊಂಡು ಹೊಸಬರು ಪತ್ರಿಕೆಗೆ ಬರುತ್ತಾರೆ. ನಾನೂ ಹಾಗೇ ಬಂದಿದ್ದೆ. ಜಮಖಂಡಿಯಿಂದ ಹೊರಡುವ ನಮ್ಮ ಸಣ್ಣ ದಿನಪತ್ರಿಕೆಯಲ್ಲಿ ಆ ಕೆಲಸದ ಅರ್ಧ ಭಾಗ ನಡೆಯುತ್ತಿದ್ದದ್ದು ಬಸ್ಸಿನಲ್ಲಿ. ಮುಧೋಳ, ಬೀಳಗಿ, ಲೋಕಾಪುರ, ರಬಕವಿ-ಬನಹಟ್ಟಿ ಎಂದು ಸೆರಗು ಸಿಕ್ಕಿಸಿಕೊಂಡು ತಿರುಗಿದ್ದೇನೆ. ಚೀಲದಲ್ಲಿ ಒಂದು ಹಾಳೆ, ಒಂದು ಪೆನ್ನು, ನೀರಿನ ಬಾಟಲಿ. ಹಾಳೆಯಲ್ಲಿ ಮರುದಿನದ ಸಂಪಾದಕೀಯ.

ತಿರುಗಾಟಕ್ಕೆ ಕಾರಣ ನಮ್ಮ ಸಂಪಾದಕರು. ಪತ್ರಿಕೆ ಶುರು ಮಾಡುವ ಮೊದಲು ಅವರು ಹೈಸ್ಕೂಲಿನಲ್ಲಿ ಕಲಿಸುತ್ತಿದ್ದರು. ಊರೆಲ್ಲ ಅವರನ್ನು ಮಾಸ್ತರು ಎಂದೇ ಕರೆಯುತ್ತಿತ್ತು, ನಾವೂ ಹಾಗೇ ಕರೆದೆವು. ಹೆಂಗಸರನ್ನು ಗೌರವದಿಂದ ಕರೆಯುವ ನಮ್ಮ ಕಡೆಯ ರೂಢಿಯಂತೆ ನಾನು ಎಲ್ಲರಿಗೂ ಬಾಯಾರು. ಅವರದೊಂದು ನಿಯಮವಿತ್ತು. ನಾಳೆ ಯಾರನ್ನು ಬಯ್ಯುತ್ತೇವೋ ಅವರಿಗೆ ಇವತ್ತೇ ಅದನ್ನು ಪೂರ್ತಿ ಓದಿ ಹೇಳಬೇಕು. ಬರೆದವರೇ ಓದಬೇಕು, ಎದುರಿಗೆ ಕೂತು ಓದಬೇಕು. ಸಂಗತಿ ತಪ್ಪಿದ್ದರೆ ಅಲ್ಲೇ ತಿದ್ದಬೇಕು. ಮಾತು ಖಾರವಾಯಿತು ಎಂದರೆ ತಿದ್ದಕೂಡದು. ಅವರ ಮನೆಯಲ್ಲಿ ಚಹಾ, ಮಜ್ಜಿಗೆ ಕುಡಿಯಬಹುದು, ಊಟಕ್ಕೆ ಕೂರಬಾರದು.

ಕೆಲಸ ಕೇಳಲು ಹೋದ ದಿನ ನನ್ನ ಪದವಿಯ ಬಗ್ಗೆ ಅವರು ಏನೂ ಕೇಳಲಿಲ್ಲ.

"ಬರಿಯಾಕ ಬರ್ತೈತಿ ಅಂತೀರಿ. ಬರದಿದ್ದನ್ನ ಮಂದಿ ಮುಂದ ಓದಾಕ ಬರ್ತೈತೇನ್ರಿ?"

"ಓದ್ತೇನ್ರಿ."

"ಯಾರಿಗೆ ಬೈದಿರ್ತೀರೋ ಅವರ ಮುಂದ?"

"ಕಲೀತೇನ್ರಿ" ಎಂದೆ.

"ಹಂಗಾದ್ರ ನಾಳಿಂದ ಬರ್ರಿ. ಬೆನ್ನ ಹಿಂದ ಬಯ್ಯೂದು ಚಹಾದ ಅಂಗಡ್ಯಾಗ ದಿನಾ ನಡದೈತಿ. ಅದಕ್ಕ ಪತ್ರಿಕಿ ಯಾಕ ಬೇಕು?"

ಇನ್ನೊಂದು ನಿಯಮವನ್ನು ಸೇರಿದ ಮೇಲೆ ಹೇಳಿದರು. ಸಂಪಾದಕೀಯಕ್ಕೆ ಬರೆದವರ ಹೆಸರು ಹಾಕುವಂತಿಲ್ಲ. ಎಲ್ಲ ಪತ್ರಿಕೆಗಳಲ್ಲೂ ಇರುವ ಪದ್ಧತಿಯೇ ಇದು, ಹೊಸದೇನಲ್ಲ. ಆದರೆ ನಮ್ಮಲ್ಲಿ ಅದರ ಫಲ ವಿಚಿತ್ರವಾಗಿತ್ತು. ಸಂಪಾದಕೀಯ ಎಂದ ಮೇಲೆ ಸಂಪಾದಕರೇ ಬರೆದಿರುತ್ತಾರೆ ಎಂದು ಓದುಗರು ತಿಳಿಯುತ್ತಿದ್ದರು. ನಾವು ಕಿರಾಣಿ ತರುತ್ತಿದ್ದ ಅಂಗಡಿಯವರು ಒಮ್ಮೆ ಬೆಲ್ಲ ತೂಗುತ್ತ, "ಬಾಯಾರ, ನಿಮ್ಮ ಮಾಸ್ತರ ಇವತ್ತ ಭಾಳ ಛಲೋ ಬರದಾರ್ರಿ. ಅಂದಂಗ, ನೀವ ಅಲ್ಲೆ ಏನ ಕೆಲಸ ಮಾಡ್ತೀರಿ?" ಎಂದು ಕೇಳಿದರು.

"ಅಲ್ಲೇ ಇರ್ತೇನ್ರಿ" ಎಂದೆ. ಅದಕ್ಕಿಂತ ಹೆಚ್ಚು ಹೇಳಿದರೆ ನಿಯಮ ಮುರಿದಂತಾಗುತ್ತಿತ್ತು.

ಆದರೆ ಬೈಸಿಕೊಂಡವರಿಗೆಲ್ಲ ನನ್ನ ಮುಖ ಚೆನ್ನಾಗಿ ಗೊತ್ತಿತ್ತು. ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡರೆ ಕೆಲವರು ನಮಸ್ಕಾರ ಮಾಡುತ್ತಿದ್ದರು, ಕೆಲವರು ಬೇರೆ ಬಾಗಿಲಿನಿಂದ ಬಸ್ಸು ಹತ್ತುತ್ತಿದ್ದರು.

ಎದುರಿಗೆ ಓದಬೇಕು ಎಂದಾಗ ಬರವಣಿಗೆ ತಾನಾಗಿ ಬದಲಾಗುತ್ತದೆ. ಹೊಸಬರು ಗಮನಿಸಬೇಕಾದ ಮಾತಿದು. ಮೊದಲ ತಿಂಗಳಲ್ಲೇ ನಾನೊಂದು ಸಂಪಾದಕೀಯವನ್ನು "ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಬೇಕು" ಎಂದು ಮುಗಿಸಿದ್ದೆ. ಮಾಸ್ತರು ಅದನ್ನು ಓದಿ ಹಾಳೆಯನ್ನು ನನ್ನ ಕಡೆಗೇ ತಿರುಗಿಸಿದರು.

"ಈ ಸಂಬಂಧಪಟ್ಟವರ ಮನಿ ಎಲ್ಲೈತ್ರಿ? ಯಾವ ಬಸ್ಸಿಗೆ ಹೋಗ್ತೀರಿ ಓದಾಕ?"

ಅಂದಿನಿಂದ ಆ ಪದ ನನ್ನ ಬರಹದಲ್ಲಿ ಬಂದಿಲ್ಲ. ಯಾರ ಕೈಯಲ್ಲಿ ಅಧಿಕಾರವಿದೆ, ಅವರು ಯಾವ ಕೋಣೆಯಲ್ಲಿ ಕೂರುತ್ತಾರೆ, ಎಷ್ಟು ಗಂಟೆಗೆ ಸಿಗುತ್ತಾರೆ ಎಂದು ತಿಳಿದ ಮೇಲೆಯೇ ಮೊದಲ ಸಾಲು ಬರೆಯುತ್ತಿದ್ದೆ. ವಿಶೇಷಣಗಳು ಕಡಿಮೆಯಾದವು. ಒಬ್ಬ ಮನುಷ್ಯನ ಕಣ್ಣು ನೋಡಿಕೊಂಡು "ಘೋರ ನಿರ್ಲಕ್ಷ್ಯ" ಎಂದು ಓದುವುದಕ್ಕಿಂತ, "ಮಳೆಗಾಲದ ಮೊದಲು ನೀವು ಬಂದು ನೋಡಲಿಲ್ಲ" ಎಂದು ಓದುವುದು ಸುಲಭ. ಕೇಳುವವನಿಗೂ ಅದೇ ಹೆಚ್ಚು ನಾಟುತ್ತದೆ.

ಒಮ್ಮೆ ಬೀಳಗಿ ಕಡೆಯ ಹಳ್ಳಿಯೊಂದರಲ್ಲಿ ವಾಚನಾಲಯದ ಬೀಗ ತೆಗೆಯದ ಬಗ್ಗೆ ಕಟುವಾಗಿ ಬರೆದು ಅಲ್ಲಿಗೆ ಹೋದೆ. ಯಾರನ್ನು ಬೈದಿದ್ದೆನೋ ಅವರು ವಾಚನಾಲಯದ ಒಳಗೇ ಕೂತು ಕಸ ತೆಗೆಸುತ್ತಿದ್ದರು. ನಾನು ಬರುವ ಸುದ್ದಿ ತಿಳಿದು ಬೆಳಿಗ್ಗೆಯೇ ಬೀಗ ತೆಗೆದಿದ್ದರು. "ಬರ್ರಿ ಬಾಯಾರ, ಈಗ ಓದ್ರಿ ನೋಡೂಣು" ಎಂದು ನಕ್ಕರು. ಓದುವುದಕ್ಕೆ ಏನೂ ಉಳಿದಿರಲಿಲ್ಲ. ಕಚೇರಿಗೆ ಮರಳಿದಾಗ ಬೇರೆ ಬರೆಯಲು ಹೊತ್ತಿರಲಿಲ್ಲ. ಮಾಸ್ತರು ಆ ಜಾಗದಲ್ಲಿ ಒಂದೇ ಸಾಲು ಹಾಕಿಸಿದರು: "ಇಂದು ಬಯ್ಯಬೇಕಾಗಿದ್ದ ಕೆಲಸ ನಿನ್ನೆಯೇ ಸರಿಹೋಗಿರುವುದರಿಂದ ಸಂಪಾದಕೀಯ ಇಲ್ಲ." ಆ ಖಾಲಿ ಜಾಗವನ್ನು ನೋಡಿ ಓದುಗರು ಫೋನು ಮಾಡಿ ನಕ್ಕರು.

ಲೋಕಾಪುರದ ಪ್ರಸಂಗವನ್ನು ಕಚೇರಿಯಲ್ಲಿ ಬಹಳ ವರ್ಷ ಆಡಿಕೊಂಡರು. ಕ್ರಾಸಿನಲ್ಲಿ ಲಾರಿಗಳನ್ನು ಅಡ್ಡಾದಿಡ್ಡಿ ನಿಲ್ಲಿಸುವ ಬಗ್ಗೆ ಬಸಪ್ಪ ಎಂಬ ವ್ಯಾಪಾರಿಯನ್ನು ಹೆಸರಿಸಿ ಬರೆದಿದ್ದೆ. ಹೋಗಿ ವಿಚಾರಿಸಿದೆ, ಒಂದು ಅಂಗಡಿ ತೋರಿಸಿದರು. ಗಲ್ಲಾದ ಮೇಲೆ ಕೂತಿದ್ದ ಬಸಪ್ಪನವರಿಗೆ ಮೊದಲಿನಿಂದ ಕೊನೆಯವರೆಗೆ ಓದಿದೆ. ಅವರು ಕೈ ಕಟ್ಟಿಕೊಂಡು ತಲೆಯಾಡಿಸುತ್ತ ಕೇಳಿದರು. ಇಷ್ಟು ಶಾಂತವಾಗಿ ಬೈಸಿಕೊಂಡ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಒಂದೊಂದ ಮಾತೂ ಖರೆ ಐತ್ರಿ ಬಾಯಾರ," ಎಂದರು ಮುಗಿದ ಮೇಲೆ. "ಆದ್ರ ಆ ಬಸಪ್ಪ ನಾ ಅಲ್ಲ. ಅಂವ ಆ ಎದರಿನ ಅಂಗಡ್ಯಾಗ ಕುಂತಾನ."

"ಮತ್ತ ಮೊದಲಽ ಯಾಕ ಹೇಳಲಿಲ್ರಿ?"

"ನೀವ ಅಷ್ಟ ಛಲೋ ಓದಾಕತ್ತಿದ್ರಿ! ನಡ್ರಿ, ಅಲ್ಲೆ ಇನ್ನೊಮ್ಮೆ ಓದ್ರಿ. ನಾನೂ ಬರ್ತೇನಿ. ಅವನ ಮಾರಿ ನೋಡಬೇಕಾಗೇತಿ ನನಗ."

ಅವರು ಅಂಗಡಿ ಬಿಟ್ಟು ನನ್ನ ಜೊತೆ ರಸ್ತೆ ದಾಟಿ ಬಂದು, ಎರಡನೆಯ ಬಸಪ್ಪನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಅವತ್ತಿನಿಂದ ನಾನು ಓದುವ ಮೊದಲು ತಂದೆಯ ಹೆಸರು, ಅಡ್ಡಹೆಸರು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದೆ.

ಕಾಲ ಬದಲಾಯಿತು. ಕಂಪ್ಯೂಟರ್ ಬಂದಿತು, ಮೊಬೈಲ್ ಬಂದಿತು, ಪತ್ರಿಕೆ ಅಚ್ಚಾಗುವ ಮೊದಲೇ ಜನರ ಕೈಯ ಪರದೆಯಲ್ಲಿ ಕಾಣುವ ಕಾಲ ಬಂದಿತು. "ಬಾಯಾರ, ಬಿಸಲಾಗ ಯಾಕ ಬರ್ತೀರಿ, ವಾಟ್ಸ್ಯಾಪ್ ಮಾಡಿಬಿಡ್ರಿ" ಎಂದು ಅಧಿಕಾರಿಗಳು ಹೇಳತೊಡಗಿದರು. ನಾನು ಅದನ್ನು ಮಾಸ್ತರಿಗೆ ಹೇಳಿದೆ.

"ಕಳಿಸಿದ್ರ ಅಂವ ಓದ್ತಾನಂತ ಏನ ಗ್ಯಾರಂಟಿ? ಎದುರು ಕುಂತ್ರ ಕಿವಿ ಮುಚ್ಚಿಕೊಳ್ಳಾಕ ಬರೂದಿಲ್ಲ" ಎಂದರು. ಹೀಗಾಗಿ ಪುಟ ಕಟ್ಟುವ ವಿಧಾನವೆಲ್ಲ ಬದಲಾದರೂ ನನ್ನ ಬಸ್ಸು ತಪ್ಪಲಿಲ್ಲ.

ಇನ್ನು ರಬಕವಿಯ ವಿಷಯ.

ಅಲ್ಲಿನ ನೇಕಾರರ ಸಂಘವೊಂದರ ವಾರ್ಷಿಕ ಸಭೆಯ ವರದಿಗೆ ಹೋಗಬೇಕಾಗಿದ್ದವಳು ನಮ್ಮ ವರದಿಗಾರ್ತಿ ಭಾರತಿ. ಅವಳಿಗೆ ಅಂದು ಮುಧೋಳದಲ್ಲಿ ಬೇರೆ ಕೆಲಸ ಬಿದ್ದದ್ದರಿಂದ ನಾನು ಹೋದೆ. ಸಭಾಂಗಣದ ಒಳಗೆ ಗಂಡಸರು ಕೂತಿದ್ದರು. ಬಾಗಿಲ ಹೊರಗೆ ಒಬ್ಬ ಹೆಂಗಸು ಚೌಕಟ್ಟಿಗೆ ಒರಗಿ ನಿಂತು ಒಳಗಿನ ಮಾತನ್ನು ಕೇಳಿಸಿಕೊಳ್ಳುತ್ತಿದ್ದಳು. ಗಂಗವ್ವ ಎಂದು ಹೆಸರು. ಒಳಗೆ ಬಂದು ಕೂರಬಾರದೇಕೆ ಎಂದು ಕೇಳಿದೆ.

"ನಾ ಮೆಂಬರ ಅಲ್ರಿ. ನಮ್ಮವರ ಇದ್ರು. ಅವರ ತೀರಿಕೊಂಡ ಮ್ಯಾಲ ನಮ್ಮ ಮನಿ ಹೆಸರಽ ಹೋತು."

"ನೀವ ಏನ ಕೆಲಸ ಮಾಡ್ತೀರಿ?"

"ಕಂಡಿಕಿ ಸುತ್ತತೇನ್ರಿ. ಸಣ್ಣಾಕಿ ಇದ್ದಾಗಿಂದ ಅದಽ ಕೆಲಸ. ನಾವ ಹೆಂಗಸರ ಒಂದಿನ ಕೈ ಬಿಟ್ರ ಈ ಓಣ್ಯಾಗ ಒಂದ ಮಗ್ಗ ನಡಿಯೂದಿಲ್ಲ. ಆದ್ರ ಕಂಡಿಕಿ ಸುತ್ತಾಕಿ ನೇಕಾರಳ ಅಲ್ಲಂತ."

ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ ನೂಲು ಸುತ್ತುವುದೇ ಕಂಡಿಕೆ ಸುತ್ತುವುದು. ಆ ನೂಲೇ ಸೀರೆಯ ಅಡ್ಡ ಎಳೆಯಾಗುತ್ತದೆ. ಆದರೆ ಸಂಘದ ನಿಯಮದ ಪ್ರಕಾರ ಮಗ್ಗದ ಮೇಲೆ ಕೂತವನಿಗೆ ಮಾತ್ರ ಸದಸ್ಯತ್ವ. ಸದಸ್ಯತ್ವ ಇದ್ದರೆ ಆಸ್ಪತ್ರೆಯ ನೆರವು, ಮಕ್ಕಳ ಓದಿಗೆ ಸಹಾಯ, ಸಭೆಯಲ್ಲಿ ಕೈಯೆತ್ತುವ ಹಕ್ಕು. ಇಲ್ಲದಿದ್ದರೆ ಬಾಗಿಲ ಚೌಕಟ್ಟು.

ಎರಡು ದಿನ ಅಲ್ಲಿಯೇ ಓಣಿಗಳಲ್ಲಿ ತಿರುಗಿ, ವಿಚಾರಿಸಿ, ಸಂಪಾದಕೀಯ ಬರೆದೆ. ಅದರ ನಡುವಿನ ಸಾಲು ಹೀಗಿತ್ತು: "ಸೀರೆಯಲ್ಲಿ ಹಾಸು ಹೇಗೋ ಹೊಕ್ಕೂ ಹಾಗೇ. ಹೊಕ್ಕಿನ ನೂಲನ್ನು ಸುತ್ತಿಕೊಡುವವಳು ನೇಕಾರಳಲ್ಲ ಎನ್ನುವುದಾದರೆ ಅರ್ಧ ಸೀರೆಯನ್ನು ಯಾರು ನೇಯ್ದರು ಎಂಬುದನ್ನು ಸಂಘದ ಅಧ್ಯಕ್ಷರೇ ಹೇಳಬೇಕು."

ಅಧ್ಯಕ್ಷರು ಈರಪ್ಪಣ್ಣ. ಮಾತು ದೊಡ್ಡದು, ಮನಸ್ಸೂ ದೊಡ್ಡದೇ ಎಂದು ಕೇಳಿದ್ದೆ. ಮನೆಗೆ ಹೊಂದಿಕೊಂಡೇ ಅವರ ಪವರ್‌ಲೂಮ್ ಶೆಡ್ಡು. ಅವರು ಕಟ್ಟೆಯ ಮೇಲೆ ಕೂತಿದ್ದರು.

"ಬರ್ರಿ ಬಾಯಾರ, ಕುಂದರ್ರಿ. ಇವತ್ತ ಯಾರಿಗೆ ಬೈಯಾಕ ಬಂದೀರಿ ನಮ್ಮ ಊರಾಗ?"

"ನಿಮಗಽ ರೀ."

"ನನಗ! ಏ, ಬಾಯಾರಿಗೆ ಮೊದಲ ಮಜ್ಜಿಗಿ ಕೊಡ್ರಿ. ತಂಪಾಗಿ ಬೈಲಿ."

ಓದತೊಡಗಿದೆ. ಮಗ್ಗಗಳ ಸಪ್ಪಳದಲ್ಲಿ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಈರಪ್ಪಣ್ಣ ಕಿವಿಗೆ ಕೈ ಹಚ್ಚಿ ಮತ್ತೆ ಮತ್ತೆ "ಏನಂದ್ರಿ?" ಎಂದರು. ಕೊನೆಗೆ ಬೇಸತ್ತು ಶೆಡ್ಡಿನ ಕಡೆಗೆ ತಿರುಗಿ ಕೂಗಿದರು.

"ಏ, ಮಗ್ಗ ಬಂದ್ ಮಾಡ್ರಲೇ! ನನಗ ಬೈಯೂದು ನನಗಽ ಕೇಳಸವಲ್ದು!"

ಮಗ್ಗಗಳು ನಿಂತವು. ರಬಕವಿಯ ಓಣಿಯೊಂದರಲ್ಲಿ ಹಗಲಿನಲ್ಲಿ ಸದ್ದು ನಿಂತರೆ ಎಲ್ಲರೂ ಹೊರಗೆ ಬಂದು ನೋಡುತ್ತಾರೆ. ಕೈ ಒರೆಸಿಕೊಳ್ಳುತ್ತ ಶೆಡ್ಡಿನವರು ಬಂದರು. ಹಿಂದಿನ ಪಡಸಾಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದ ಹೆಂಗಸರು ಬಂದರು. ಆಚೆ ಮನೆಯಿಂದ ಗಂಗವ್ವನೂ ಬಂದಳು. ಈರಪ್ಪಣ್ಣ ಸುತ್ತ ನೋಡಿದರು. ತಾವೇನು ಮಾಡಿಕೊಂಡೆವು ಎಂಬುದು ಅವರಿಗೆ ಆಗ ಹೊಳೆಯಿತು. ಆದರೆ ಮಗ್ಗ ಮತ್ತೆ ಶುರು ಮಾಡಿ ಎನ್ನಲು ಮರ್ಯಾದೆ ಬಿಡಲಿಲ್ಲ.

ಮೊದಲಿನಿಂದ ಓದಿದೆ. ಅರ್ಧ ಸೀರೆಯ ಸಾಲಿಗೆ ಬಂದಾಗ ಹಿಂದಿನಿಂದ ಒಂದು ದನಿ ಕೇಳಿಸಿತು. "ಆ ಸಾಲ ಇನ್ನೊಮ್ಮೆ ಓದ್ರಿ ಬಾಯಾರ."

ಇನ್ನೊಮ್ಮೆ ಓದಿದೆ.

"ಇದನ್ನ ಬರದವರು ಯಾರು? ಮಾಸ್ತರ?" ಎಂದರು ಈರಪ್ಪಣ್ಣ.

"ನಾನಽ ರೀ."

"ನೇಕಾರಿಕಿ ನಿಮಗೇನ ಗೊತ್ತು? ನಿಮ್ಮ ಮನ್ಯಾಗ ಯಾರರ ಮಗ್ಗದ ಮ್ಯಾಲ ಕುಂತಾರೇನು?"

"ಇಲ್ರಿ. ಇದರಾಗ ತಪ್ಪ ಏನದ ಹೇಳ್ರಿ, ಇಲ್ಲೇ ತಿದ್ದತೇನಿ."

ಅವರು ಯೋಚಿಸಿದರು. "ತಪ್ಪಿಲ್ಲ. ಆದ್ರ ಇಷ್ಟ ಸಿಟ್ಟಿಲೆ ಬರೀಬೇಕೇನು?"

"ಸಿಟ್ಟ ತಿದ್ದಾಕ ನಮ್ಮಲ್ಲೆ ಪರವಾನಗಿ ಇಲ್ರಿ."

ಆಗ ಒಳಗಿನಿಂದ ಅವರ ತಾಯಿ ಹೊಸ್ತಿಲಿಗೆ ಬಂದರು. "ಲೇ ಈರ್ಯಾ, ನಿಮ್ಮಪ್ಪಗ ಕಂಡಿಕಿ ಸುತ್ತಿಕೊಟ್ಟಾಕಿ ಯಾರು? ನನ್ನ ಹೆಸರ ಎಲ್ಲೈತಿ ಹೇಳ ನಿನ್ನ ಸಂಘದಾಗ?"

"ಯವ್ವಾ, ನೀ ಸುಮ್ಮ ಕುಂದರಬೇ."

"ಸುಮ್ಮ ಕುಂತಽ ಇಷ್ಟ ವರ್ಷ ಆತು!"

ಓಣಿಗೆ ಓಣಿಯೇ ನಕ್ಕಿತು. ಈರಪ್ಪಣ್ಣನಿಗೂ ನಗು ತಡೆಯಲಾಗಲಿಲ್ಲ. "ಹಾಕ್ರಿ ಬಾಯಾರ, ನಾಳಿನಽ ಹಾಕ್ರಿ. ಹಾಕಲಿಲ್ಲಂದ್ರ ನಮ್ಮವ್ವ ನನಗ ರೊಟ್ಟಿ ಹಾಕೂದಿಲ್ಲ."

ಮರುದಿನ ಪ್ರಕಟವಾಯಿತು. ಕೆಲಸ ಅಷ್ಟು ಬೇಗ ಆಗಲಿಲ್ಲ. ಸಂಘದಲ್ಲಿ ವಿರೋಧ ಬಂತು, ಮಾತು ಬೆಳೆಯಿತು, ನಾನು ಮತ್ತೆ ಬರೆದೆ, ಮತ್ತೆ ಹೋಗಿ ಓದಿದೆ. ಮುಂದಿನ ವಾರ್ಷಿಕ ಸಭೆಯಲ್ಲಿ ಈರಪ್ಪಣ್ಣ ಜೇಬಿನಿಂದ ಪತ್ರಿಕೆಯ ತುಂಡು ತೆಗೆದು, ತಮ್ಮನ್ನೇ ಬೈದ ಆ ಸಂಪಾದಕೀಯವನ್ನು ತಾವೇ ಎದ್ದು ನಿಂತು ಓದಿದರು. ಓದಿ, "ಇದಕ್ಕ ಉತ್ತರ ಗೊತ್ತಿದ್ದವರು ಕೈ ಎತ್ರಿ" ಎಂದರು. ಯಾರೂ ಎತ್ತಲಿಲ್ಲ. "ಹಂಗಾದ್ರ ಹೆಂಗಸರನ್ನ ಒಳಗ ಕರೀಬೇಕನ್ನವರು ಕೈ ಎತ್ರಿ." ಕೈಗಳು ಎದ್ದವು.

ಮೊದಲು ಒಳಗೆ ಬಂದವಳು ಗಂಗವ್ವ. ಸದಸ್ಯರ ಹೆಸರು ಬರೆದುಕೊಳ್ಳುತ್ತಿದ್ದ ಗುಮಾಸ್ತ ರೂಢಿಯಂತೆ, "ಗಂಡನ ಹೆಸರೇನ ಹೇಳಬೇ" ಎಂದ.

"ನನ್ನ ಹೆಸರ ಮೊದಲ ಬರಿ. ಉಳದಿದ್ದ ಆಮ್ಯಾಲ ಕೇಳು."

ನನ್ನ ವೃತ್ತಿಯಲ್ಲಿ ಕೇಳಿದ ಮಾತುಗಳಲ್ಲಿ ಇದಕ್ಕಿಂತ ಚೆನ್ನಾದ ಸಾಲು ನನಗೆ ಸಿಕ್ಕಿಲ್ಲ. ವರದಿಯಲ್ಲಿ ಅದನ್ನು ಹಾಗೆಯೇ ಕೊಟ್ಟೆವು.

ಅದೇ ವರ್ಷ ಧಾರವಾಡದ ಟ್ರಸ್ಟೊಂದು ರಾಜ್ಯದ ಅತ್ಯುತ್ತಮ ಸಂಪಾದಕೀಯಕ್ಕೆ ಪ್ರಶಸ್ತಿ ಕೊಡುವುದಾಗಿ ಪ್ರಕಟಿಸಿತು. ಭಾರತಿ ಮಾಸ್ತರ ಒಪ್ಪಿಗೆ ಪಡೆದು ರಬಕವಿಯ ಸಂಪಾದಕೀಯವನ್ನು ಕಳಿಸಿದಳು. ದೊಡ್ಡ ಪತ್ರಿಕೆಗಳ ನಡುವೆ ನಮ್ಮದು ನಿಲ್ಲುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಮೊದಲ ಸ್ಥಾನಕ್ಕೆ ನಮ್ಮದೇ ಆಯ್ಕೆಯಾಯಿತು. ಅಭಿನಂದನೆ ಹೇಳಿದ ಫೋನಿನಲ್ಲೇ ಟ್ರಸ್ಟಿನವರು ಬರೆದವರ ಹೆಸರು ಕೇಳಿದರು. ಹೆಸರು ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದರು ಮಾಸ್ತರು. ಪ್ರಶಸ್ತಿ ವ್ಯಕ್ತಿಗೆ ಕೊಡುವಂಥದ್ದು, ಹೆಸರು ಬಾರದಿದ್ದರೆ ಎರಡನೆಯ ಸ್ಥಾನದವರಿಗೆ ಹೋಗುತ್ತದೆ ಎಂದು ಆ ಕಡೆಯಿಂದ ಉತ್ತರ ಬಂತು.

ಫೋನು ಇಟ್ಟ ಕೂಡಲೇ ಭಾರತಿ ಎದ್ದಳು. ಅವಳು ಮಾಸ್ತರಿಗೆ ಹೆದರುವವಳಲ್ಲ.

"ಇದು ಅನ್ಯಾಯ್ರಿ ಮಾಸ್ತರ. ಹೆಸರ ಕೊಡಲಿಲ್ಲಂದ್ರ ಪ್ರಶಸ್ತಿ ಹೋಗತೈತಿ. ಹೆಂಗರ ಮಾಡಿ ಉಳಿಸಿದ್ರೂ ಮಂದಿ ನೀವಽ ಬರದೀರಿ ಅಂತಾರ. ಹಾರ ನಿಮಗ, ಬಸ್ಸಿನ ಧೂಳ ಬಾಯಾರಿಗೆ."

ಮಾಸ್ತರ ಮುಖ ಸಣ್ಣದಾಯಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಯಮ ನಂದು. ಹೆಸರ ಬಾಯಾರದು. ಅವರಽ ಹೇಳ್ಲಿ. ಕೊಡ್ರಿ ಅಂದ್ರ ಈಗಿಂದೀಗ ಕೊಡ್ತೇನಿ."

ನನಗೆ ಪ್ರಶಸ್ತಿ ಬೇಕಾಗಿತ್ತು. ಬೇಡವಾಗಿತ್ತು ಎಂದು ಬರೆದರೆ ಅದು ಸುಳ್ಳು ವರದಿಯಾಗುತ್ತದೆ. ನಿವೃತ್ತಿ ಹತ್ತಿರ ಬಂದಿತ್ತು. ಇಂಥದ್ದು ಮತ್ತೊಮ್ಮೆ ಬರುವುದಿಲ್ಲ ಎಂದೂ ಗೊತ್ತಿತ್ತು. ಆದರೆ ಇಷ್ಟು ವರ್ಷ ನಾನು ಜನರ ಕಟ್ಟೆಗಳ ಮೇಲೆ ಕೂತು ಓದಿದ್ದು "ಪತ್ರಿಕೆ ಹೀಗೆ ಹೇಳುತ್ತದೆ" ಎಂದು. ಈರಪ್ಪಣ್ಣನ ಕಟ್ಟೆಯ ಮೇಲೆ ಅದು ಕೇವಲ ಒಬ್ಬ ಹೆಂಗಸಿನ ಅಭಿಪ್ರಾಯವಾಗಿದ್ದರೆ, ಮಜ್ಜಿಗೆ ಕೊಟ್ಟು ಕಳಿಸಿಬಿಡುತ್ತಿದ್ದರು. ನಾಳೆ ನನ್ನ ಕುರ್ಚಿಗೆ ಬರುವವರಿಗೂ ಆ ಬಲ ಉಳಿಯಬೇಕು.

"ಹೆಸರ ಬ್ಯಾಡ್ರಿ," ಎಂದೆ. "ಪ್ರಶಸ್ತಿ ಬೇಕು. ಟ್ರಸ್ಟಿನ ನಿಯಮ ತಪ್ಪದ. ಅದರ ಮ್ಯಾಲ ಸಂಪಾದಕೀಯ ಬರೀತೇನಿ."

ಮಾಸ್ತರು ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡಿದರು. "ಪ್ರಶಸ್ತಿ ಕೊಡವರಿಗೇ ಬೈತೀರೇನ್ರಿ?"

"ಹೌದ್ರಿ."

"ಹಂಗಾದ್ರ ಧಾರವಾಡಕ್ಕ ಹೋಗಿ ಓದಿ ಬರ್ರಿ."

ಮರುದಿನ ಬೆಳಗಿನ ಬಸ್ಸಿಗೆ ಹೊರಟೆ. ಟ್ರಸ್ಟಿನ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಬಿಳಿ ಅಂಗಿ, ನೆಟ್ಟಗಿನ ಬೆನ್ನು, ಮೇಜಿನ ಮೇಲೆ ಒಂದು ಕಾಗದವೂ ಅಡ್ಡ ಇಲ್ಲ. ಬಂದ ಕಾರಣ ಹೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ.

"ಅಂದ್ರ, ನಾಳೆ ನನ್ನ ವಿರುದ್ಧ ಅಚ್ಚಾಗೂದನ್ನ ಇವತ್ತ ನನಗ ಓದಿ ಹೇಳಾಕ ಅಷ್ಟ ದೂರದಿಂದ ಬಂದೀರಿ?"

"ಹೌದ್ರಿ. ನಮ್ಮಲ್ಲೆ ಹಂಗಽ ಪದ್ಧತಿ ಅದ."

"ಓದ್ರಿ."

ಬದುಕಿಡೀ ಬೇರೆಯವರ ವಾದ ಕೇಳಿದ ಮನುಷ್ಯ. ಒಮ್ಮೆಯೂ ತಡೆಯದೆ ಕೇಳಿದರು. ಸಂಪಾದಕೀಯ ಇಡೀ ಪತ್ರಿಕೆಯ ಮಾತು, ಅದಕ್ಕೆ ಪ್ರಶಸ್ತಿ ಕೊಡುವವರು ಅದನ್ನು ಒಬ್ಬರ ಮಾತಾಗಿ ಮಾಡಬಾರದು ಎಂಬುದು ನನ್ನ ವಾದ. ಮುಗಿದ ಮೇಲೆ ಅವರು ಒಂದೇ ಪ್ರಶ್ನೆ ಕೇಳಿದರು. ನಾನು ದಾರಿಯುದ್ದಕ್ಕೂ ಅದೇ ಪ್ರಶ್ನೆಗೆ ಹೆದರುತ್ತ ಬಂದಿದ್ದೆ.

"ನಿಮ್ಮ ರಬಕವಿ ಸಂಪಾದಕೀಯದಾಗ, ದುಡಿಯೋ ಹೆಣ್ಣಮಗಳ ಹೆಸರು ಬರಬೇಕು ಅಂತ ವಾದ ಮಾಡೀರಿ. ಈಗ ನಿಮ್ಮ ಹೆಸರು ಬ್ಯಾಡ ಅಂತೀರಿ. ಎರಡರಾಗ ಯಾವುದು ಖರೆ?"

"ಎರಡೂ ಖರೆ ಅವ ರೀ. ಗಂಗವ್ವನ ಹೆಸರು ಇಲ್ಲದಾಗ ಅಕಿಗೆ ಒಳಗ ಕೂಡಾಕ ಬಿಡಲಿಲ್ಲ. ನನಗ ಅಂಥಾದ್ದೇನೂ ತಪ್ಪಿಲ್ಲ. ನಾ ಮೊದಲಿಂದ ಒಳಗಽ ಕೂತೇನಿ, ಪಗಾರ ನನ್ನ ಹೆಸರಿಗೇ ಬರ್ತದ. ಯಾರ ಯಾರಿಗೆ ಬೈದೇನೋ ಅವರಿಗೆಲ್ಲಾ ನನ್ನ ಹೆಸರು ಗೊತ್ತದ. ಈಗ ನಿಮಗೂ ಗೊತ್ತಾತು."

ಅವರು ಕಿಟಕಿಯ ಕಡೆ ನೋಡಿದರು. ತುಟಿಯ ಮೂಲೆಯಲ್ಲಿ ನಗುವಿತ್ತು.

"ಸಂಗತಿ ತಪ್ಪಿದ್ರ ತಿದ್ತೀರಿ, ಹೌದಲ್ಲೋ?"

"ಇಲ್ಲೇ ತಿದ್ದತೇನ್ರಿ."

"ಹಂಗಾದ್ರ ಪೆನ್ನು ತಗೀರಿ. 'ಹೆಸರಿಲ್ಲದ ಬರಹಕ್ಕೆ ಈ ಟ್ರಸ್ಟು ಪ್ರಶಸ್ತಿ ಕೊಡುವುದಿಲ್ಲ' ಅಂತ ಬರದೀರಿ. ನಾಳೆ ಪತ್ರಿಕಿ ಬರೂದ್ರಾಗ ಅದು ತಪ್ಪಾಗಿರ್ತದ. ನಾಲ್ಕು ಗಂಟೆಕ್ಕ ಸಮಿತಿ ಕರೀತೇನಿ. ಕೂತು ಫಲಿತಾಂಶ ತಿಳಕೊಂಡು ಹೋಗ್ರಿ."

ಹೊರಗಿನ ಬೆಂಚಿನ ಮೇಲೆ ಕೂತು ಕಾದೆ. ಸಭೆ ಮುಗಿಸಿ ಅವರೇ ಬಾಗಿಲಿಗೆ ಬಂದರು. ನಿಯಮ ತಿದ್ದಲಾಗಿತ್ತು. ಪ್ರಶಸ್ತಿ ಪತ್ರಿಕೆಗೆ. "ಆದ್ರ ಒಂದು ಮಾತು," ಎಂದರು, "ವೇದಿಕಿ ಮ್ಯಾಲ ನಿಮ್ಮ ಸಂಪಾದಕರು ಒಬ್ಬರಽ ಬಂದ್ರ ನಾ ಕೊಡೂದಿಲ್ಲ. ಪತ್ರಿಕಿಗೆ ಅಂದ ಮ್ಯಾಲ ಪತ್ರಿಕಿ ಬರಬೇಕು."

ಅಲ್ಲಿಂದಲೇ ಮಾಸ್ತರಿಗೆ ಫೋನು ಮಾಡಿದೆ. ಅವರು ಫೋನನ್ನು ಹಾಗೇ ಮೇಜಿನ ಮೇಲಿಟ್ಟು ಎಲ್ಲರಿಗೂ ಸುದ್ದಿ ಹೇಳಿದರೆಂದು ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಕಚೇರಿಯ ಗದ್ದಲವೆಲ್ಲ ಕೇಳಿಸಿತು. ಎಲ್ಲಕ್ಕಿಂತ ಮೇಲೆ ಭಾರತಿಯ ದನಿ: "ಬಾಯಾರ, ಬರೂವಾಗ ಪೇಢೆ ತರ್ರಿ!"

ಸಮಾರಂಭದ ದಿನ ಪುಟಗಳನ್ನು ಬೇಗ ಮುಗಿಸಿ, ಮುಖಪುಟದಲ್ಲಿ ಒಂದು ಫೋಟೋದ ಜಾಗ ಬಿಟ್ಟು, ಇಡೀ ಪತ್ರಿಕೆ ಕ್ರೂಸರ್ ಗಾಡಿಯಲ್ಲಿ ತುಂಬಿಕೊಂಡು ಧಾರವಾಡಕ್ಕೆ ಹೋಯಿತು. ರಬಕವಿಯಿಂದ ಈರಪ್ಪಣ್ಣನ ಗಾಡಿಯೂ ಬಂದಿತ್ತು. ಅದರಲ್ಲಿ ಅವರ ತಾಯಿ, ಗಂಗವ್ವ, ಇನ್ನಷ್ಟು ಹೆಂಗಸರು. ಎಲ್ಲರೂ ತಮ್ಮ ಓಣಿಯಲ್ಲಿ ನೇಯ್ದ ಸೀರೆಯನ್ನೇ ಉಟ್ಟಿದ್ದರು.

ನಮ್ಮ ಪತ್ರಿಕೆಯ ಹೆಸರು ಕರೆದಾಗ ಎಲ್ಲರೂ ಎದ್ದೆವು. ಮುದ್ರಣದವರು, ಪುಟ ಕಟ್ಟುವವರು, ಭಾರತಿ, ನಾನು, ಕೊನೆಯಲ್ಲಿ ಮಾಸ್ತರು. ವೇದಿಕೆ ತುಂಬಿತು. ನಿರೂಪಕರಿಗೆ ಗೊಂದಲವಾಯಿತು. ಅವರಿಗೆ ನಿಯಮದ ಬದಲಾವಣೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಮೈಕಿನಲ್ಲಿ, "ಈ ಸಂಪಾದಕೀಯ ಬರೆದವರು ದಯವಿಟ್ಟು ಮುಂದೆ ಬರಬೇಕು" ಎಂದರು.

ನಾವು ಯಾರೂ ಕದಲಲಿಲ್ಲ. ಸಭೆಯಲ್ಲಿ ಗುಜುಗುಜು ಎದ್ದಿತು. ನಿರೂಪಕರು ಇನ್ನೊಮ್ಮೆ ಕೇಳಿದರು.

ಮಧ್ಯದ ಸಾಲಿನಿಂದ ಈರಪ್ಪಣ್ಣ ಎದ್ದು ನಿಂತರು. "ಬರದವರು ಯಾರಂತ ನನಗ ಗೊತ್ತೈತ್ರಿ! ನನ್ನ ಕಟ್ಟಿ ಮ್ಯಾಲ ಕುಂತು, ನನ್ನ ಮಜ್ಜಿಗಿ ಕುಡದು, ನನಗಽ ಬೈದು ಹೋಗ್ಯಾರ. ಆದ್ರ ಹೇಳೂದಿಲ್ಲ. ಅವರ ಪತ್ರಿಕಿ ನಿಯಮ ಐತಿ!"

"ನನಗೂ ಗೊತ್ತೈತಿ," ಎಂದು ಗಂಗವ್ವ ಎದ್ದಳು. "ನಾನೂ ಹೇಳೂದಿಲ್ಲ!"

ಸಭಾಂಗಣ ನಗೆಯಲ್ಲಿ, ಚಪ್ಪಾಳೆಯಲ್ಲಿ ಮುಳುಗಿತು. ನ್ಯಾಯಾಧೀಶರು ಫಲಕವನ್ನು ಹಿಡಿದು ಮುಂದೆ ಚಾಚಿದರು. ಯಾರು ಹಿಡಿಯಬೇಕೆಂದು ನಿರ್ಧರಿಸಿರಲಿಲ್ಲವಾದ್ದರಿಂದ ಸಿಕ್ಕ ಸಿಕ್ಕ ಕೈಗಳೆಲ್ಲ ಹಿಡಿದವು. ಅದೇ ಕ್ಷಣದ ಫೋಟೋ ತೆಗೆದರು.

ಸಮಾರಂಭ ಮುಗಿದ ಕೂಡಲೇ ಭಾರತಿ ಅದೇ ಸಭಾಂಗಣದ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಳು. ಮಾಸ್ತರು ಪಕ್ಕದಲ್ಲಿ ನಿಂತು, ಫೋಟೋದ ಅಡಿಗೆ ಹಾಕುವ ಸಾಲನ್ನು ಹೇಳಿ ಬರೆಸತೊಡಗಿದರು. ಫೋಟೋದಲ್ಲಿ ಮುಖ ಕಾಣುವವರೆಲ್ಲರ ಹೆಸರು, ಹುದ್ದೆ, ಎಡದಿಂದ ಬಲಕ್ಕೆ. ಯಾವ ಪತ್ರಿಕೆಯಲ್ಲೂ ಅದು ಸಾಮಾನ್ಯ ಶಿಸ್ತು. ಮೊದಲ ಹೆಸರು ಮುದ್ರಣ ವಿಭಾಗ ಎಂದಾಯಿತು, ಎರಡನೆಯದು ಪುಟ ವಿನ್ಯಾಸ.

"ಮೂರನೇದವರು," ಎಂದರು ಮಾಸ್ತರು, "ವತ್ಸಲಾ ಜಹಾಗೀರದಾರ, ಸಂಪಾದಕೀಯ ವಿಭಾಗ."

ಭಾರತಿಯ ಬೆರಳು ನಿಂತಿತು. ಆ ವಿಭಾಗದಲ್ಲಿ ಇದ್ದದ್ದು ನಾನೊಬ್ಬಳೇ.

"ಮಾಸ್ತರ, ಇದು ನಡಿಯೂದಿಲ್ರಿ," ಎಂದೆ. "ಹಿಂಗ ಹಾಕಿದ್ರ ಎಲ್ಲಾರಿಗೂ ಗೊತ್ತಾಗ್ತದ."

"ಇದು ಸಂಪಾದಕೀಯ ಅಲ್ರಿ ಬಾಯಾರ, ಫೋಟೋ. ಸಂಗತಿ ತಪ್ಪೈತೇನು ಹೇಳ್ರಿ, ಇಲ್ಲೇ ತಿದ್ದತೇನಿ."

ತಪ್ಪಿರಲಿಲ್ಲ. ಭಾರತಿ ನನ್ನ ಕಡೆ ನೋಡದೆ, ನಗುತ್ತ, ನಾಲ್ಕನೆಯ ಹೆಸರಿಗೆ ಹೋದಳು. ಮರುದಿನ ಅದು ಹಾಗೆಯೇ ಅಚ್ಚಾಯಿತು.